ಬಡವನ ತೆರಿಗೆ ಮತ್ತು ವಿದ್ವಾಂಸನ ಅಮಾನತು

2025ರ ಆಗಸ್ಟ್ ತಿಂಗಳ ಮೊದಲ ವಾರ. ಸಂಬಂಧಿಕರೊಬ್ಬರ ಆರೋಗ್ಯ ವಿಚಾರಿಸಲು ಮಧುಗಿರಿ ತಾಲೂಕಿನ ಬಡವನಹಳ್ಳಿಗೆ ಹೋಗಿದ್ದೆ. ಅಸರ್ ನಮಾಝ್ ಮುಗಿಸಿ ಹೊರಗೆ ಬಂದಾಗ ಚಹಾ ಅಂಗಡಿಯ ಬೆಂಚಿನ ಮೇಲೆ ಹಿರಿಯರೊಬ್ಬರು ಪತ್ರಿಕೆ ಹಿಡಿದು ಕುಳಿತಿದ್ದರು. ಎರಡೂವರೆ ಎಕರೆಯಲ್ಲಿ ಕಡಲೆಕಾಯಿ ಬೆಳೆಯುವವರು. ನನ್ನನ್ನು ಕಂಡೊಡನೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

"ಬನ್ನಿ ಭಾಯಿ, ಓದಿದೋರು ನೀವು. ಇದೇನು ಸ್ವಲ್ಪ ಹೇಳಿ" ಎಂದು ಒಂದು ಸುದ್ದಿಯ ಮೇಲೆ ಬೆರಳಿಟ್ಟರು. ಬೆಂಗಳೂರಿನಲ್ಲಿ ನಡೆದ ಕ್ವಾಂಟಂ ಸಮಾವೇಶದ ವರದಿ ಅದು. ಜುಲೈ 31ರಂದು ಅಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ರಾಜ್ಯದ ಕ್ವಾಂಟಂ ಯೋಜನೆಗೆ 1,000 ಕೋಟಿ ರೂಪಾಯಿ ಘೋಷಿಸಿದ್ದರು.

ನಾನು ನನಗೆ ತಿಳಿದಷ್ಟು ಹೇಳಿದೆ. ಅವರು ಕೇಳಿಸಿಕೊಂಡು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. "ಅಲ್ಲ ಭಾಯಿ, ನಮ್ಮೂರ ಹೆಸರೇ ಬಡವನಹಳ್ಳಿ. ನಾನು ಒಂದು ಸೋಪು ತಗೊಂಡ್ರೂ ಸರ್ಕಾರಕ್ಕೆ ಟ್ಯಾಕ್ಸು ಕಟ್ತೀನಿ. ಆ ದುಡ್ಡಲ್ಲಿ ಯಾರೂ ಕಣ್ಣಲ್ಲಿ ಕಾಣದ ಕಂಪ್ಯೂಟರ್‌ಗೆ ಲೆಕ್ಕ ಬರೀತಾರಂತೆ. ಇದು ನ್ಯಾಯಾನಾ?"

ಓದುಗರೇ, ಆಗ ನಾನು ಕೊಟ್ಟ ಉತ್ತರವನ್ನು ನೀವು ಊಹಿಸಬಲ್ಲಿರಿ. ವಿದ್ಯಾರ್ಜನೆ ಕಡ್ಡಾಯವೆಂದೆ. ಬಗ್ದಾದಿನ ಬೈತುಲ್ ಹಿಕ್ಮ, ಅಲ್ ಖ್ವಾರಿಝ್ಮಿ, ಇಬ್ನ್ ಸೀನಾ ಎಂದು ಹೆಸರುಗಳನ್ನು ಒಂದರ ಹಿಂದೊಂದು ಪೋಣಿಸಿದೆ. ಅವರು ತಾಳ್ಮೆಯಿಂದ ತಲೆಯಾಡಿಸಿದರು. ಕೊನೆಗೆ ಕೇಳಿದ್ದು ಇಷ್ಟೇ: "ಅದೆಲ್ಲ ಸರಿ. ಇದು ಯಾವಾಗ ಆಗುತ್ತೆ? ಆಗದೇ ಹೋದ್ರೆ, ಆಗಲಿಲ್ಲ ಅಂತ ನಮಗೆ ಯಾರು ಹೇಳ್ತಾರೆ?"

ನನ್ನ ಬಳಿ ಉತ್ತರವಿರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ದಾರಿಯುದ್ದಕ್ಕೂ ಆ ಎರಡನೇ ಪ್ರಶ್ನೆಯೇ ಕಾಡುತ್ತಿತ್ತು. ಮೊದಲನೆಯದು ಕಾಲದ ಪ್ರಶ್ನೆ, ಎರಡನೆಯದು ಅಮಾನತಿನ ಪ್ರಶ್ನೆ.

ಮೊದಲು ಹಣದ ಲೆಕ್ಕ ನೋಡೋಣ. ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. 2030-31ರವರೆಗೆ ಎಂಟು ವರ್ಷಗಳಿಗೆ 6,003.65 ಕೋಟಿ ರೂಪಾಯಿ. ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೆ ಬಂತು. ದೇಶದ 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಸುಮಾರು 43 ರೂಪಾಯಿ. ರಾಜ್ಯದ 1,000 ಕೋಟಿಯನ್ನು 2011ರ ಜನಗಣತಿಯ 6.11 ಕೋಟಿ ಕನ್ನಡಿಗರಿಗೆ ಹಂಚಿದರೆ ತಲೆಗೆ 164 ರೂಪಾಯಿ. ಆರು ಮಂದಿ ಇರುವ ಮನೆಯ ಪಾಲು ಎರಡೂ ಸೇರಿ ಸಾವಿರದ ಇನ್ನೂರ ನಲವತ್ತು ರೂಪಾಯಿಯಷ್ಟಾಗುತ್ತದೆ, ಅದೂ ಹಲವು ವರ್ಷಗಳಿಗೆ. ಎಲ್ಲರೂ ಸಮಾನವಾಗಿ ತೆರಿಗೆ ಕಟ್ಟುವುದಿಲ್ಲ, ನಿಜ. ಆದರೂ ಬಡವನ ಸೋಪಿನ ತೆರಿಗೆ ಇದರಲ್ಲಿ ಇಲ್ಲವೆಂದು ಯಾರೂ ಹೇಳಲಾರರು.

ಮೊತ್ತ ದೊಡ್ಡದಲ್ಲವೆಂದು ಸುಮ್ಮನಾಗುವವರಿದ್ದಾರೆ. ಆದರೆ ಬೈತುಲ್ ಮಾಲ್‌ನ ವಿಷಯದಲ್ಲಿ ಚಿಕ್ಕದು ದೊಡ್ಡದೆಂಬ ಭೇದವನ್ನು ನಮ್ಮ ಹಿರಿಯರು ಮಾಡಲಿಲ್ಲ. ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್‌ರವರು ಸರಕಾರದ ಕೆಲಸ ಮುಗಿದೊಡನೆ ಸರಕಾರದ ದೀಪವನ್ನು ಆರಿಸಿ ಸ್ವಂತ ದೀಪ ಹಚ್ಚಿಕೊಳ್ಳುತ್ತಿದ್ದರೆಂಬ ಪ್ರಸಂಗವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಒಂದು ರಾತ್ರಿಯ ಎಣ್ಣೆಗೆ ಎಷ್ಟು ಬೆಲೆ?

ಈಗ ಆ ಹಣದಿಂದ ನಡೆಯುವ ಕೆಲಸವೇನು ಎಂಬುದನ್ನು ತಿಳಿಯಬೇಕು. ತಿಳಿಯದೆ ಹೊಗಳುವುದೂ ತೆಗಳುವುದೂ ಸರಿಯಲ್ಲ.

ನಮ್ಮ ಮೊಬೈಲಿನಿಂದ ಹಿಡಿದು ಬ್ಯಾಂಕಿನ ದೊಡ್ಡ ಯಂತ್ರದವರೆಗೆ ಎಲ್ಲ ಕಂಪ್ಯೂಟರುಗಳೂ ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಜ್ಞೆಗಳಲ್ಲಿ ಲೆಕ್ಕ ಮಾಡುತ್ತವೆ. ದೀಪದ ಗುಂಡಿಯಂತೆ, ಹಚ್ಚಿದೆ ಅಥವಾ ಆರಿದೆ. ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕಕ್ಕೆ ಕ್ಯೂಬಿಟ್ ಎಂದು ಹೆಸರು. ಅಣು ಪರಮಾಣುಗಳ ಮಟ್ಟದಲ್ಲಿ ಅಲ್ಲಾಹನು ಇಟ್ಟಿರುವ ನಿಯಮಗಳು ನಮ್ಮ ಕಣ್ಣಿಗೆ ಕಾಣುವ ಲೋಕಕ್ಕಿಂತ ಭಿನ್ನ. ಅಲ್ಲಿ ಕ್ಯೂಬಿಟ್ ಸೊನ್ನೆ ಮತ್ತು ಒಂದು ಎರಡರ ಬೆರಕೆಯಾಗಿ ಇರಬಲ್ಲದು. ಅಳೆದು ನೋಡಿದ ಕ್ಷಣ ಮಾತ್ರ ಎರಡರಲ್ಲೊಂದಾಗಿ ಕಾಣಿಸುತ್ತದೆ.

ಹಾಗಾದರೆ ಅದು ಎಲ್ಲ ಉತ್ತರಗಳನ್ನೂ ಒಟ್ಟಿಗೆ ಪರೀಕ್ಷಿಸಿ ಸರಿಯಾದದ್ದನ್ನು ಹೇಳಿಬಿಡುತ್ತದೆಯೇ? ಪತ್ರಿಕೆಗಳು ಹಾಗೆಯೇ ಬರೆಯುತ್ತವೆ, ಅದು ತಪ್ಪು. ಅಳೆದಾಗ ಸಿಗುವುದು ಒಂದೇ ಉತ್ತರ, ಅದು ತಪ್ಪು ಉತ್ತರವೂ ಆಗಿರಬಹುದು. ಕೆರೆಯಲ್ಲಿ ಎರಡು ಕಲ್ಲೆಸೆದರೆ ಅಲೆಗಳು ಕೆಲವು ಕಡೆ ಸೇರಿ ಎತ್ತರವಾಗುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ಹಾಗೆಯೇ ತಪ್ಪು ಉತ್ತರಗಳ ಅಲೆಗಳು ಪರಸ್ಪರ ಅಳಿದು, ಸರಿ ಉತ್ತರದ ಅಲೆ ಮಾತ್ರ ಎತ್ತರವಾಗುವಂತೆ ಲೆಕ್ಕದ ಹೆಜ್ಜೆಗಳನ್ನು ಜೋಡಿಸಬೇಕು. ಈ ಜೋಡಣೆಯೇ ಸಾಫ್ಟ್‌ವೇರ್. ಯಂತ್ರವಿದ್ದು ಇದಿಲ್ಲದಿದ್ದರೆ ನೇಗಿಲಿದೆ, ಉಳಲು ಬಾರದು ಎಂಬಂತೆ.

ಇಂಥ ಜೋಡಣೆಗಳು ಬಹಳ ಸಿಕ್ಕಿಲ್ಲ. 1994ರಲ್ಲಿ ಅಮೆರಿಕದ ಪೀಟರ್ ಶೋರ್ ಎಂಬ ಗಣಿತಜ್ಞರು ದೊಡ್ಡ ಸಂಖ್ಯೆಗಳನ್ನು ಅಪವರ್ತನಗಳಾಗಿ ಒಡೆಯುವ ಕ್ರಮವನ್ನು ಬರೆದರು. ಅದನ್ನು ಓಡಿಸುವ ಯಂತ್ರ ಆಗ ಜಗತ್ತಿನಲ್ಲೇ ಇರಲಿಲ್ಲ. ಬ್ಯಾಂಕು, ಸರಕಾರ, ಸೇನೆ ಎಲ್ಲವೂ ಬಳಸುವ ಆರ್‌ಎಸ್‌ಎ ಎಂಬ ಗುಪ್ತಲಿಪಿಯ ಬೀಗ, ಅಂಥ ಸಂಖ್ಯೆಗಳನ್ನು ಒಡೆಯುವುದು ಕಷ್ಟವೆಂಬ ನಂಬಿಕೆಯ ಮೇಲೆಯೇ ನಿಂತಿದೆ. 2019ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿ, ಈ ಬೀಗ ಒಡೆಯಲು ಎರಡು ಕೋಟಿ ಕ್ಯೂಬಿಟ್‌ಗಳ ಯಂತ್ರ ಬೇಕೆಂದರು. 2025ರ ಮೇ ತಿಂಗಳಲ್ಲಿ ಅವರಲ್ಲೊಬ್ಬರಾದ ಗೂಗಲ್‌ನ ಕ್ರೇಗ್ ಗಿಡ್ನಿ, ಹತ್ತು ಲಕ್ಷಕ್ಕಿಂತ ಕಡಿಮೆ ಸಾಕೆಂದು ಹೊಸ ಲೆಕ್ಕ ಕೊಟ್ಟರು. ಗಮನಿಸಿ, ಆರು ವರ್ಷಗಳಲ್ಲಿ ಅಗತ್ಯ ಇಪ್ಪತ್ತನೇ ಒಂದು ಭಾಗಕ್ಕೆ ಇಳಿದದ್ದು ಇನ್ನೂ ಕಟ್ಟದ ಯಂತ್ರದಿಂದಲ್ಲ. ಲೆಕ್ಕದ ಜಾಣ್ಮೆಯಿಂದ.

ನಮ್ಮಂಥ ದೇಶಕ್ಕೆ ಈ ಮಾತು ಮುಖ್ಯ. ಕ್ಯೂಬಿಟ್ ಯಂತ್ರಗಳಲ್ಲಿ ಹಲವನ್ನು ಆಕಾಶದ ಶೂನ್ಯಕ್ಕಿಂತಲೂ ತಣ್ಣಗೆ ಇಡಬೇಕಾಗುತ್ತದೆ, ಅದರ ಖರ್ಚು ಅಪಾರ. ಲೆಕ್ಕದ ಕ್ರಮ ಹುಡುಕಲು ಬೇಕಾಗುವುದು ಕಲಿತ ಮನಸ್ಸು, ಸಂಬಳ ಮತ್ತು ಸಮಯ. ಹೀಗಾಗಿ ಯಂತ್ರಕ್ಕಿಂತ ಸಾಫ್ಟ್‌ವೇರಿಗೆ ಕೊಡುವ ಸಾರ್ವಜನಿಕ ಹಣವೇ ಹೆಚ್ಚು ಫಲ ಕೊಟ್ಟೀತೆಂದು ನನಗನಿಸುತ್ತದೆ.

ಇನ್ನು ಬಡವನಹಳ್ಳಿಯ ಆ ಹಿರಿಯರಿಗೆ ಇದರಿಂದ ಏನು? ನಾನು ಅಂದು ಹೇಳಬೇಕಿದ್ದ, ಹೇಳದೆ ಬಂದ ಸಂಗತಿಯೊಂದಿದೆ. ಕಡಲೆಕಾಯಿ ಗಿಡವನ್ನು ಕಿತ್ತರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳೊಳಗೆ ವಾಸಿಸುವ ರೈಝೋಬಿಯಂ ಜಾತಿಯ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರವಾಗಿ ಕೊಡುತ್ತವೆ. ಹೊಲದ ಮಣ್ಣಿನ ಬಿಸಿಯಲ್ಲೇ, ಸದ್ದಿಲ್ಲದೆ. ಇದೇ ಕೆಲಸವನ್ನು ಯೂರಿಯಾದ ಕಾರ್ಖಾನೆಯಲ್ಲಿ ಮಾಡಲು 400 ಡಿಗ್ರಿಗೂ ಮೀರಿದ ಶಾಖ, ನೂರು ಇನ್ನೂರು ಪಟ್ಟು ವಾಯು ಒತ್ತಡ ಬೇಕು. ಪ್ರಪಂಚದ ಒಟ್ಟು ಇಂಧನದ ನೂರರಲ್ಲಿ ಒಂದೆರಡು ಪಾಲು ಇದಕ್ಕೇ ಖರ್ಚಾಗುತ್ತದೆ. ಆ ಜೀವಿಯೊಳಗೆ ಕಬ್ಬಿಣ ಮತ್ತು ಮಾಲಿಬ್ಡಿನಂ ಸೇರಿದ ಒಂದು ಅತಿ ಸಣ್ಣ ಗೊಂಚಲಿದೆ. ಅದು ಈ ಕಾರ್ಯವನ್ನು ಹೇಗೆ ಮಾಡುತ್ತದೆಂದು ಪೂರ್ಣವಾಗಿ ಲೆಕ್ಕ ಹಾಕಲು ಇಂದಿನ ಕಂಪ್ಯೂಟರುಗಳು ಸೋಲುತ್ತವೆ. 2017ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಸಂಶೋಧಕರು, ಕ್ವಾಂಟಂ ಕಂಪ್ಯೂಟರಿನಿಂದ ಈ ಲೆಕ್ಕ ಸಾಧ್ಯವೆಂದು, ಅದಕ್ಕೆ ಬೇಕಾದ ಹೆಜ್ಜೆಗಳೆಷ್ಟೆಂದು ತೋರಿಸಿದರು. ಕ್ವಾಂಟಂ ಸಾಫ್ಟ್‌ವೇರಿನ ಉಪಯೋಗ ಹೇಳುವವರು ಮೊದಲು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು. ಬೆಂಗಳೂರಿನ ಸಭಾಂಗಣದ ಮಾತಿನ ಬೇರು ಬಡವನಹಳ್ಳಿಯ ಹೊಲದಲ್ಲೇ ಇದೆ!

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನು ಆ ಹಿರಿಯರಿಗೆ ಅರ್ಧ ಸತ್ಯ ಹೇಳಿದಂತೆ. ಇಂದಿನ ಯಾವ ಯಂತ್ರದಲ್ಲೂ ಆ ಲೆಕ್ಕ ನಡೆದಿಲ್ಲ. ಅದಕ್ಕೆ ಲಕ್ಷಗಟ್ಟಲೆ ಕ್ಯೂಬಿಟ್ ಬೇಕು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯೂಪಿಎಐ ಎಂಬ ಕಂಪನಿ ಹೊರತಂದ ಯಂತ್ರದಲ್ಲಿರುವುದು 25. ರಾಷ್ಟ್ರೀಯ ಮಿಷನ್ ಎಂಟು ವರ್ಷಗಳಲ್ಲಿ ತಲುಪಬೇಕೆಂದಿರುವ ಗುರಿ 50ರಿಂದ 1,000. ಗುರಿ ಪೂರ್ತಿ ಮುಟ್ಟಿದರೂ ಗೊಬ್ಬರದ ಗುಟ್ಟು ತಿಳಿಯುವುದಿಲ್ಲ. ತಿಳಿದ ಮೇಲೂ ಅಂಗಡಿಯಲ್ಲಿ ಗೊಬ್ಬರದ ಚೀಲ ಅಗ್ಗವಾಗುವುದಕ್ಕೆ ಬೇರೆಯೇ ದಾರಿ ಸವೆಸಬೇಕು.

ಹಾಗಿದ್ದರೆ ಹಸಿದವನಿಗೆ ಮೊದಲು ಅನ್ನ, ಆಮೇಲೆ ಸಂಶೋಧನೆ ಎನ್ನಬೇಕೇ? ಈ ವಾದಕ್ಕೆ ತೂಕವಿದೆ, ಅದನ್ನು ಲಘುವಾಗಿ ತಳ್ಳಿಹಾಕುವವರೊಂದಿಗೆ ನಾನಿಲ್ಲ. ನಮ್ಮ ನೆರೆಯ ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಇದೆಯೆಂಬುದು ಹೊಸ ವಿಷಯವಲ್ಲ. ಹಲ್ಲು ಕಂದಿದ ಮಕ್ಕಳನ್ನು, ಬೆನ್ನು ಬಾಗಿದ ಹಿರಿಯರನ್ನು ಕಂಡವರಿಗೆ 1,000 ಕೋಟಿಯ ಸುದ್ದಿ ಕಹಿಯಾಗಿಯೇ ಕೇಳಿಸುತ್ತದೆ. ಆದರೆ ನೀರಿನಿಂದ ಫ್ಲೋರೈಡ್ ತೆಗೆಯುವ ವಿದ್ಯೆ ಬಹುಕಾಲದಿಂದ ಇದೆ. ಅಲ್ಲಿ ಕೊರತೆಯಾದದ್ದು ಅರಿವಿನದಲ್ಲ, ಮಾಡುವ ಮನಸ್ಸಿನದು. ಸಂಶೋಧನೆಯ ಹಣ ನಿಲ್ಲಿಸಿದೊಡನೆ ಆ ಮನಸ್ಸು ಹುಟ್ಟೀತೆಂದು ನನಗೆ ನಂಬಿಕೆಯಿಲ್ಲ.

ಇತಿಹಾಸವನ್ನೂ ನೋಡಿ. ಜಮ್‌ಶೆಟ್‌ಜಿ ಟಾಟಾರವರ ದಾನದಿಂದ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಸಂಸ್ಥಾನವನ್ನು ನಡುಗಿಸಿದ 1876-78ರ ಬರಗಾಲವನ್ನು ಕಂಡಿದ್ದ ಜನ ಆಗ ಇನ್ನೂ ಬದುಕಿದ್ದರು. ಆ ಭೂಮಿಯಲ್ಲಿ ಧಾನ್ಯ ಬೆಳೆಯಬಹುದಿತ್ತೆಂದು ಯಾರಾದರೂ ಹೇಳಿದ್ದರೆ ಅದೂ ಒಂದು ನ್ಯಾಯವಾಗಿಯೇ ಕಾಣುತ್ತಿತ್ತು. ಆದರೆ ಇಂದು ದೇಶದ ಕ್ವಾಂಟಂ ಕಂಪ್ಯೂಟರ್ ಕೇಂದ್ರವನ್ನು ಬೇರೆಲ್ಲೋ ಅಲ್ಲ, ಅದೇ ಆವರಣದಲ್ಲಿ ಇಡಲು ಸಾಧ್ಯವಾಗಿದ್ದರೆ ಅದಕ್ಕೆ ಕಾರಣ ನೂರು ವರ್ಷಗಳ ಹಿಂದೆ ಕೊಟ್ಟ ಆ ನೆಲ.

ಇಮಾಮ್ ಗಝ್ಝಾಲಿಯವರು ವೈದ್ಯಶಾಸ್ತ್ರವನ್ನೂ ಲೆಕ್ಕಶಾಸ್ತ್ರವನ್ನೂ ಫರ್ಝ್ ಕಿಫಾಯದ ಸಾಲಿಗೆ ಸೇರಿಸಿದರು. ಅಂದರೆ ಸಮಾಜದಲ್ಲಿ ಕೆಲವರಾದರೂ ಅದನ್ನು ಕಲಿಯದಿದ್ದರೆ ಎಲ್ಲರೂ ತಪ್ಪಿತಸ್ಥರು. ತಮ್ಮ ಕಾಲದ ಪಟ್ಟಣಗಳಲ್ಲಿ ಮುಸ್ಲಿಮ್ ವೈದ್ಯನೇ ಇಲ್ಲದಿರುವಾಗ ಎಲ್ಲರೂ ವಾದವಿವಾದದ ಫಿಕ್‌ಹಿನತ್ತ ಓಡುತ್ತಿದ್ದಾರೆಂದು ಅವರು ಬೇಸರಪಟ್ಟರು. ಕಲಿಯುವವರು ಕಲಿಯಬೇಕೆಂದರೆ ಅವರ ಊಟ ವಸತಿಯನ್ನು ಉಳಿದವರು ಹೊರಬೇಕು. ನಮ್ಮ ವಕ್ಫ್‌ಗಳು ಶತಮಾನಗಳ ಕಾಲ ಹೊತ್ತದ್ದು ಇದನ್ನೇ. ಹೀಗಾಗಿ ಸಾರ್ವಜನಿಕ ಹಣ ಕೊಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಹೌದು, ಕೊಡಬೇಕು. ಆದರೆ ಕೊಡುವವನ ಕರ್ತವ್ಯ ಅಲ್ಲಿಗೆ ಮುಗಿದರೂ ಪಡೆಯುವವನ ಕರ್ತವ್ಯ ಅಲ್ಲಿಂದಲೇ ಆರಂಭ. ಅಮಾನತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂಬ ಸೂರಃ ಅನ್ನಿಸಾದ ಆದೇಶ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತುಬಿಡುವುದಿಲ್ಲ.

ಇಲ್ಲಿ ಇಬ್ನುಲ್ ಹೈಸಮ್‌ರ ಬದುಕಿನ ಒಂದು ಘಟನೆ ನೆನಪಾಗುತ್ತದೆ. ಕ್ರಿ.ಶ. 965ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿದ ಮಹಾ ವಿಜ್ಞಾನಿ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದ ನಾವು ನೋಡುತ್ತೇವೆಂದು ಪ್ರಯೋಗಗಳಿಂದ ಸ್ಥಾಪಿಸಿದವರು. ನೈಲ್ ನದಿಯ ಪ್ರವಾಹವನ್ನು ಹತೋಟಿಗೆ ತರಬಲ್ಲೆನೆಂದು ಅವರು ಹೇಳಿದ್ದರಂತೆ. ಆ ಮಾತು ಕೈರೋದ ಫಾತಿಮೀ ಖಲೀಫ ಅಲ್ ಹಾಕಿಮ್‌ನ ಕಿವಿಗೆ ಬಿತ್ತು. ಅವನು ಕರೆಸಿದ, ಗೌರವಿಸಿದ, ಹಣ ಮತ್ತು ಕೆಲಸಗಾರರನ್ನು ಕೊಟ್ಟು ಕಳುಹಿಸಿದ. ಇಬ್ನುಲ್ ಹೈಸಮ್ ನದಿಯ ಮೇಲ್ಮುಖವಾಗಿ ಅಸ್ವಾನ್‌ನ ಕಡೆಗೆ ಪಯಣಿಸಿದರು. ದಾರಿಯಲ್ಲಿ ಪ್ರಾಚೀನ ಈಜಿಪ್ತಿನವರ ಬೃಹತ್ ಕಟ್ಟಡಗಳನ್ನು ಕಂಡರು. ಇಷ್ಟೊಂದು ನಿಪುಣರಾಗಿದ್ದ ಆ ಜನರಿಗೆ ಸಾಧ್ಯವಾಗಿದ್ದರೆ ಅವರೇ ಮಾಡಿರುತ್ತಿದ್ದರೆಂಬ ಯೋಚನೆ ಬಂತು. ಸ್ಥಳ ನೋಡಿದಾಗ ತಮ್ಮ ಯೋಜನೆ ಆಗದೆಂದು ಖಚಿತವಾಯಿತು. ಹಿಂತಿರುಗಿ ಬಂದು ಖಲೀಫನ ಮುಂದೆ ಒಪ್ಪಿಕೊಂಡರು.

ಎತ್ತಿನಹೊಳೆಯ ನೀರಿನ ಮಾತು ಕೇಳುತ್ತಾ ಬಂದಿರುವ ನಮ್ಮ ಸೀಮೆಯವರಿಗೆ ಈ ಕಥೆ ಬಹಳ ದೂರದ್ದೆನಿಸಲಿಕ್ಕಿಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅಲ್ ಹಾಕಿಮ್ ಕೋಪಿಷ್ಠ, ಯಾವಾಗ ಯಾರ ತಲೆ ತೆಗೆಸುವನೋ ತಿಳಿಯದು. ಮೊದಲು ಅವನು ವಿಜ್ಞಾನಿಗೆ ಬೇರೊಂದು ಹುದ್ದೆ ಕೊಟ್ಟ. ಪ್ರಾಣಭಯದಿಂದ ಇಬ್ನುಲ್ ಹೈಸಮ್ ಹುಚ್ಚನಂತೆ ನಟಿಸಿ, ಖಲೀಫ ಸಾಯುವವರೆಗೂ ಮನೆಯೊಳಗೆ ಬಂಧಿಯಾಗಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಆ ಬಂಧನದ ವರ್ಷಗಳಲ್ಲೇ ಬೆಳಕಿನ ಕುರಿತ ಅವರ ಶ್ರೇಷ್ಠ ಗ್ರಂಥ ರೂಪುಗೊಂಡಿತೆಂಬ ಮಾತೂ ಇದೆ.

ಓದುಗರೇ, ಈ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ಖಲೀಫನನ್ನು ದೂರಿ ವಿಜ್ಞಾನಿಯ ಬಗ್ಗೆ ಮರುಗುತ್ತೇವೆ. ನನಗೆ ಕಾಣುವುದು ಎರಡು ಕಡೆಯ ತಪ್ಪು, ಒಂದು ಕಡೆಯ ದೊಡ್ಡತನ. ನದಿಯನ್ನು ಕಾಣುವ ಮೊದಲೇ ಮಾತು ಕೊಟ್ಟದ್ದು ವಿಜ್ಞಾನಿಯ ತಪ್ಪು. ಆಗಲಿಲ್ಲವೆಂಬ ಮಾತನ್ನು ಅಪಾಯಕಾರಿಯಾಗಿ ಮಾಡಿದ್ದು ಆಡಳಿತದ ತಪ್ಪು. ಆದರೆ ಖಜಾನೆಯ ಹಣವನ್ನು ವರ್ಷಗಟ್ಟಲೆ ನೀರಿಗೆ ಸುರಿಯದೆ, ಕೂಡಲೇ ಹಿಂದಿರುಗಿ ಬಂದದ್ದು ದೊಡ್ಡತನ. ಅಂದಹಾಗೆ ಅಸ್ವಾನ್‌ನಲ್ಲಿ ನೈಲ್‌ಗೆ ಎತ್ತರದ ಅಣೆಕಟ್ಟು ಪೂರ್ಣಗೊಂಡದ್ದು 1970ರಲ್ಲಿ. ಅವರ ಕನಸು ಸುಳ್ಳಾಗಿರಲಿಲ್ಲ, ಒಂಬತ್ತೂವರೆ ಶತಮಾನ ಮುಂಚೆ ಹುಟ್ಟಿತ್ತು. ಎಂದೂ ಆಗದ್ದು ಮತ್ತು ಇಂದು ಆಗದ್ದು, ಇವೆರಡರ ವ್ಯತ್ಯಾಸ ಹೇಳುವುದು ತಿಳಿದವನ ಕೆಲಸ. ಕೊಡುವವನಿಗೆ ಆ ವ್ಯತ್ಯಾಸ ತಿಳಿಯುವ ಹಕ್ಕಿದೆ.

ಈಗ ಬೆಂಗಳೂರಿಗೆ ಬನ್ನಿ. ರಾಜ್ಯದ ಯೋಜನೆಯ ಜೊತೆಗೆ 2035ರ ಹೊತ್ತಿಗೆ 20 ಬಿಲಿಯನ್ ಡಾಲರ್, ಅಂದರೆ ಎರಡು ಸಾವಿರ ಕೋಟಿ ಡಾಲರಿನ ಕ್ವಾಂಟಂ ಆರ್ಥಿಕತೆಯ ಗುರಿಯನ್ನೂ ಘೋಷಿಸಲಾಯಿತು. ಗುರಿ ಇಡುವುದು ತಪ್ಪಲ್ಲ. ಆದರೆ ಗುರಿಯ ಮಾತು ಜನರ ಕಿವಿಗೆ ಭರವಸೆಯಾಗಿ ಬೀಳುತ್ತದೆ, ಸಂಶೋಧಕನ ಹೆಗಲ ಮೇಲೆ ಹೊರೆಯಾಗಿ ಕೂರುತ್ತದೆ. ಸಾಫ್ಟ್‌ವೇರಿನ ಸಂಶೋಧನೆಯಲ್ಲಿ ಹತ್ತು ದಾರಿ ಹಿಡಿದರೆ ಒಂಬತ್ತು ಮುಚ್ಚಿರುವುದು ಸಹಜ. ಕ್ವಾಂಟಂನಿಂದಲೇ ಸಾಧ್ಯವೆಂದು ಸಂಭ್ರಮಿಸಿದ ಲೆಕ್ಕವನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಯಾರೋ ಮಾಡಿ ತೋರಿಸಿದ ಪ್ರಸಂಗಗಳು ಒಂದೆರಡಲ್ಲ. ಮುಚ್ಚಿದ ಆ ಒಂಬತ್ತು ದಾರಿಗಳನ್ನು ವರದಿಯಲ್ಲಿ ಬರೆಯುವ ಧೈರ್ಯ ಸಂಶೋಧಕನಿಗೆ ಬೇಕು. ಹಾಗೆ ಬರೆದವನ ಮುಂದಿನ ವರ್ಷದ ಹಣ ಕಡಿದುಹೋಗದಂತೆ ನೋಡಿಕೊಳ್ಳುವ ನ್ಯಾಯ ಸರಕಾರಕ್ಕೆ ಬೇಕು. ಇಲ್ಲದಿದ್ದರೆ ವಿದ್ವಾಂಸರು ಹುಚ್ಚರಂತೆ ನಟಿಸುವುದಿಲ್ಲ, ಯಶಸ್ವಿಯಾದವರಂತೆ ನಟಿಸುತ್ತಾರೆ. ಅದು ಇನ್ನೂ ಕೆಟ್ಟದ್ದು.

ಇನ್ನೊಂದು ಪ್ರಶ್ನೆ ಬರೆದ ಸಾಫ್ಟ್‌ವೇರ್ ಯಾರದ್ದೆಂಬುದು. ಝಕಾತ್ ಸಂಗ್ರಹಕ್ಕೆ ಹೋಗಿದ್ದ ಒಬ್ಬರು ಮರಳಿ ಬಂದು, ಇದು ನಿಮ್ಮ ಪಾಲು, ಇದು ನನಗೆ ಬಂದ ಉಡುಗೊರೆ ಎಂದು ಬೇರ್ಪಡಿಸಿದಾಗ ಪ್ರವಾದಿವರ್ಯರು(ಸ) ಮಿಂಬರ್ ಏರಿ ಅದನ್ನು ಖಂಡಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವರ ಬಳಿಗೆ ಬರುತ್ತಿತ್ತೇ ಎಂಬುದು ಆ ಖಂಡನೆಯ ತಿರುಳು. ಸಾರ್ವಜನಿಕ ಸಂಬಳದಲ್ಲಿ, ಸಾರ್ವಜನಿಕ ಯಂತ್ರದ ಮುಂದೆ ಕುಳಿತು ಕಂಡುಕೊಂಡ ಕ್ರಮವನ್ನು ಸ್ವಂತ ಹೆಸರಿನ ಕಂಪನಿಗೆ ಸಾಗಿಸುವಾಗ ಪ್ರತಿಯೊಬ್ಬನೂ ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಅಲ್ಲವೇ?

ವ್ಯಾಪಾರ ಹಲಾಲ್. ಅಪಾಯ ಹೊತ್ತು ಬಂಡವಾಳ ಹಾಕಿದವನಿಗೆ ಲಾಭ ಸಲ್ಲಬೇಕು. 2024ರ ನವೆಂಬರ್‌ನಲ್ಲಿ ರಾಷ್ಟ್ರೀಯ ಮಿಷನ್ ಆರಿಸಿದ ಎಂಟು ಹೊಸ ಕಂಪನಿಗಳಲ್ಲಿ ಮೂರು ಬೆಂಗಳೂರಿನವು. ಇದರಲ್ಲಿ ಹೆಮ್ಮೆಪಡುವುದಿದೆ, ದೂರುವುದೇನೂ ಇಲ್ಲ. ಆದರೆ ಕೊಡುವಾಗಲೇ ಷರತ್ತು ಸ್ಪಷ್ಟವಿರಲಿ. ಕಂಪನಿ ಗೆದ್ದರೆ ಖಜಾನೆಗೆ ಪಾಲೆಷ್ಟು? ಮೂಲ ಕ್ರಮಗಳು, ಕಲಿಕೆಗೆ ಬೇಕಾದ ಉಪಕರಣಗಳು ಎಲ್ಲರಿಗೂ ತೆರೆದಿರುತ್ತವೆಯೇ? ಐಬಿಎಂ ಎಂಬ ಲಾಭದ ಕಂಪನಿಯೇ 2017ರಿಂದ ಕಿಸ್ಕಿಟ್ ಎಂಬ ತನ್ನ ಕ್ವಾಂಟಂ ಸಾಫ್ಟ್‌ವೇರನ್ನು ಯಾರು ಬೇಕಾದರೂ ನೋಡಿ ತಿದ್ದುವಂತೆ ಉಚಿತವಾಗಿ ಬಿಟ್ಟಿದೆ. ಅವರ ಲೆಕ್ಕಾಚಾರ ಏನೇ ಇರಲಿ, ತುಮಕೂರಿನ ಬಡ ವಿದ್ಯಾರ್ಥಿಯೂ ಅದನ್ನು ಕಲಿಯಬಹುದು. ಜನರ ಹಣದಿಂದ ಹುಟ್ಟಿದ್ದು ಅದಕ್ಕಿಂತ ಹೆಚ್ಚು ಮುಚ್ಚಿಕೊಂಡಿದ್ದರೆ ನಾಚಿಕೆಯಾಗಬೇಕು. ಅಲ್ ಖ್ವಾರಿಝ್ಮಿಯವರ ಬೀಜಗಣಿತದ ಗ್ರಂಥವನ್ನು ನೋಡಿ. ಖಲೀಫ ಮಾಮೂನ್‌ನ ಆಶ್ರಯದಲ್ಲಿ, ಅಂದರೆ ಜನರ ಹಣದಿಂದ ಬರೆದದ್ದು. ಅದರ ಬಹುದೊಡ್ಡ ಭಾಗ ವಾರಸುಪಾಲು ಮತ್ತು ವಸಿಯ್ಯತ್ತಿನ ಲೆಕ್ಕ. ಸತ್ತವನ ಮಗಳಿಗೆಷ್ಟು, ತಾಯಿಗೆಷ್ಟು, ಸಾಲಕ್ಕೆಷ್ಟು ಎಂಬ ಮನೆಮನೆಯ ತಗಾದೆಗೆ ಅವರು ಉತ್ತರ ಬರೆದಿಟ್ಟರು. ಇಂದು ಲೆಕ್ಕದ ಕ್ರಮಕ್ಕೆ ಜಗತ್ತು ಬಳಸುವ ಆಲ್ಗರಿದಮ್ ಎಂಬ ಶಬ್ದ ಅವರ ಹೆಸರಿನಿಂದಲೇ ಬಂದದ್ದು. (ಅದೇ ಮಾಮೂನ್ ಇಮಾಮ್ ಅಹ್ಮದ್ ಬಿನ್ ಹಂಬಲ್‌ರನ್ನು ಸಂಕೋಲೆಯಲ್ಲಿ ಬಂಧಿಸಿದ ಎಂಬುದನ್ನೂ ಮರೆಯಬಾರದು. ಆಳುವವರ ಹಣದ ಜೊತೆಗೆ ಆಳುವವರ ಬಯಕೆಗಳೂ ಬರುತ್ತವೆ.)

ಬಯಕೆಯ ಮಾತು ಬಂದದ್ದರಿಂದ ಬೀಗ ಒಡೆಯುವ ವಿಷಯವನ್ನು ಸ್ವಲ್ಪ ಹೇಳಬೇಕು. ಅಕ್ಷರಗಳು ಎಷ್ಟು ಸಲ ಬರುತ್ತವೆಂದು ಎಣಿಸಿ ಗುಪ್ತಲಿಪಿಯನ್ನು ಬಿಡಿಸುವ ವಿಧಾನವನ್ನು ಒಂಬತ್ತನೇ ಶತಮಾನದಲ್ಲಿ ಬರೆದಿಟ್ಟವರು ಬಗ್ದಾದಿನ ಅಲ್ ಕಿಂದಿ. ಈ ವಿದ್ಯೆ ನಮಗೆ ಹೊಸತಲ್ಲ. ಆದರೆ ಇಣುಕಿ ನೋಡುವುದನ್ನು, ಇತರರ ಗುಟ್ಟು ಕೆದಕುವುದನ್ನು ಪವಿತ್ರ ಕುರ್‌ಆನ್ ನಿಷೇಧಿಸಿದೆ. ಇಂದು ಕದ್ದಿಟ್ಟ ಗುಪ್ತಸಂದೇಶಗಳನ್ನು ದೊಡ್ಡ ಕ್ವಾಂಟಂ ಯಂತ್ರ ಬಂದ ದಿನ ತೆರೆದು ಓದಬಹುದೆಂಬ ಭಯ ಈಗಾಗಲೇ ಇದೆ. ಅದಕ್ಕಾಗಿಯೇ 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಹೊಸ ಬಗೆಯ ಬೀಗಗಳ ಮೊದಲ ಮೂರು ಮಾನಕಗಳನ್ನು ಪ್ರಕಟಿಸಿತು. ನಮ್ಮ ಸಾರ್ವಜನಿಕ ಹಣದಲ್ಲಿ ಬೀಗ ಒಡೆಯುವ ಲೆಕ್ಕಕ್ಕೆ ಒಂದು ರೂಪಾಯಿ ಹೋದರೆ, ಬಡವನ ಬ್ಯಾಂಕ್ ಖಾತೆಗೆ ಹೊಸ ಬೀಗ ಹಾಕುವ ಲೆಕ್ಕಕ್ಕೆ ಹತ್ತು ರೂಪಾಯಿ ಹೋಗಲಿ.

ಸಂಶೋಧನೆಯ ಬೆಲೆ ಹಣದಲ್ಲಷ್ಟೇ ಇಲ್ಲವೆಂಬುದನ್ನೂ ನಮ್ಮ ಸೀಮೆ ಬಲ್ಲದು. ಶಿರಾ ದಾಟಿ ಹಿರಿಯೂರಿನ ಆಚೆ ಚಳ್ಳಕೆರೆಯ ಬಳಿ ಹಲವು ವೈಜ್ಞಾನಿಕ ಸಂಸ್ಥೆಗಳಿಗೆ ಸುಮಾರು ಹತ್ತು ಸಾವಿರ ಎಕರೆ ಅಮೃತ ಮಹಲ್ ಕಾವಲು ಭೂಮಿಯನ್ನು ಕೊಟ್ಟಾಗ, ಅಲ್ಲಿ ತಲೆಮಾರುಗಳಿಂದ ಕುರಿ ದನ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. ಯಾರನ್ನು ಕೇಳಿ ಕೊಟ್ಟಿರಿ ಎಂಬುದು ಅವರ ಪ್ರಶ್ನೆಯಾಗಿತ್ತು. ಬಡವನಹಳ್ಳಿಯ ಹಿರಿಯರ ಪ್ರಶ್ನೆಯೂ ಅದರ ತಮ್ಮನೇ.

ಕೊನೆಗೆ ನಮ್ಮ ಮನೆಯ ಮಾತು. ಹೊಸ ವಿಜ್ಞಾನದ ಸುದ್ದಿ ಬಂದಾಗಲೆಲ್ಲ ಇದು ಹದಿನಾಲ್ಕು ಶತಮಾನದ ಹಿಂದೆಯೇ ನಮ್ಮಲ್ಲಿತ್ತೆಂದು ಹೇಳಿ ನೆಮ್ಮದಿಯಾಗಿ ಮಲಗುವ ಅಭ್ಯಾಸ ನಮಗಿದೆ. ಅಂದು ನಾನು ಚಹಾ ಅಂಗಡಿಯಲ್ಲಿ ಮಾಡಿದ್ದೂ ಅದನ್ನೇ. ಖ್ವಾರಿಝ್ಮಿಯವರ ಹೆಸರು ಹೇಳುವುದು ಸುಲಭ, ಮಗಳಿಗೆ ಗಣಿತದ ಪುಸ್ತಕ ಕೊಡಿಸುವುದು ಕಷ್ಟ. ತೆರಿಗೆಯನ್ನು ನಾವೂ ಕಟ್ಟುತ್ತೇವೆ. ಆ ತೆರಿಗೆಯಿಂದ ನಡೆಯುವ ಪ್ರಯೋಗಶಾಲೆಯ ಕುರ್ಚಿಗಳಲ್ಲಿ ನಮ್ಮ ಮಕ್ಕಳು ಎಷ್ಟಿದ್ದಾರೆ? ಅಲ್ಲಿ ಕುಳಿತವನೇ ತಾನೇ ಆಗಿದೆ ಅಥವಾ ಆಗಿಲ್ಲವೆಂದು ಊರಿಗೆ ಬಂದು ಹೇಳಬಲ್ಲವನು.

ಸೆಪ್ಟೆಂಬರ್‌ನಲ್ಲಿ ಮತ್ತೆ ಬಡವನಹಳ್ಳಿಗೆ ಹೋದೆ. ಈ ಸಲ ಹಿರಿಯರ ಹೊಲಕ್ಕೇ ಹೋಗಿ ಗೊಬ್ಬರದ ಸಂಗತಿಯನ್ನೂ, 25 ಕ್ಯೂಬಿಟ್‌ಗಳ ಸಂಗತಿಯನ್ನೂ, ಎಂಟು ವರ್ಷದ ಗುರಿ ಮುಟ್ಟಿದರೂ ಅದು ಸಾಲದೆಂಬುದನ್ನೂ ಹೇಳಿದೆ. ಅವರು ಬದುವಿನ ಪಕ್ಕದ ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಬೇರಿನ ಗಂಟುಗಳನ್ನು ಉಗುರಿನಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು. ಒಂದನ್ನು ಒಡೆದು ಒಳಗಿನ ಕೆಂಪು ಬಣ್ಣ ತೋರಿಸಿದರು. "ನಮ್ಮಪ್ಪ ಇದನ್ನ ಹುಳದ ಗೂಡು ಅಂತಿದ್ದ" ಎಂದು ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಮ್ಮಗಳು ಮಧುಗಿರೀಲಿ ಪಿಯುಸಿ ಓದ್ತಾವ್ಳೆ ಭಾಯಿ. ಲೆಕ್ಕದಲ್ಲಿ ಚುರುಕು. ಆ ಕಂಪ್ಯೂಟರಿಗೆ ಯಾವ ಸಬ್ಜೆಕ್ಟು ಓದ್ಬೇಕು, ಒಂದು ಚೀಟೀಲಿ ಬರೆದುಕೊಡಿ" ಎಂದರು. ನನ್ನ ಜೇಬಿನಲ್ಲಿ ಪೆನ್ನಿತ್ತು, ಕಾಗದವಿರಲಿಲ್ಲ. ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದುಕೊಟ್ಟೆ: ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ.